ಬಾರದವರನ್ನು ಎಣಿಸಿದ ವೈದ್ಯ

ನಮ್ಮ ಮನೆಯ ವೈದ್ಯರ ಶಾಪಿಗೆ ನಾವು ಕೆಮ್ಮೆಂದು ಹೋಗಿರಲಿ, ಮಂಡಿನೋವೆಂದು ಹೋಗಿರಲಿ, ಅವರು ಮೊದಲು ಮಾಡುವ ಕೆಲಸ ಒಂದೇ. ತೋಳಿಗೆ ಬಟ್ಟೆಯ ಪಟ್ಟಿಯನ್ನು ಸುತ್ತಿ ಗಾಳಿ ತುಂಬುತ್ತಾರೆ, ಮೆಲ್ಲಗೆ ಬಿಡುತ್ತಾರೆ, ಒಂದು ಕ್ಷಣ ಸುಮ್ಮನಿದ್ದು, "ಬಿ.ಪಿ. ಸ್ವಲ್ಪ ಹೆಚ್ಚಿದೆಯಲ್ಲಾ ರಾಯರೇ" ಎನ್ನುತ್ತಾರೆ. "ನನಗೇನೂ ಆಗುತ್ತಿಲ್ಲವಲ್ಲ ಡಾಕ್ಟರೇ!" ಎಂದು ನಾವು ಉತ್ತರ ಕೊಡುತ್ತೇವೆ. ಈ ಎರಡು ಮಾತುಗಳನ್ನು ಪ್ರತಿನಿತ್ಯವೂ ಸಾವಿರಾರು ಕಡೆ ಆಡಲಾಗುತ್ತಿದೆ. ಇವುಗಳ ನಡುವೆ ಒಂದು ದೊಡ್ಡ ಇತಿಹಾಸವೇ ಅಡಗಿದೆ. ಏನೂ ಆಗದವನಿಗೆ ಏತಕ್ಕೆ ಔಷಧ? ಹೃದ್ರೋಗ ಬಂದ ಮೇಲೆ ನೋಡಿಕೊಳ್ಳುವುದು ಬಿಟ್ಟು, ಬರುವುದಕ್ಕೆ ಮೊದಲೇ ಅದನ್ನು ತಡೆಯುವ ಕೆಲಸ ಬೀದಿಯ ತಿರುವಿನಲ್ಲಿರುವ ಸಾಮಾನ್ಯ ವೈದ್ಯರ ಕೈಗೆ ಹೇಗೆ ಬಂದಿತು? ಈ ಪ್ರಶ್ನೆಗಳನ್ನು ಸ್ವಲ್ಪ ವಿಚಾರಿಸೋಣ.

ರಕ್ತಕ್ಕೆ ಒತ್ತಡವಿದೆಯೆಂಬುದನ್ನು ಮೊದಲು ಅಳೆದು ತೋರಿಸಿದವರು ವೈದ್ಯರಲ್ಲ; ಇಂಗ್ಲೆಂಡಿನ ಒಬ್ಬ ಪಾದ್ರಿ. ಸ್ಟೀಫನ್ ಹೇಲ್ಸ್ ಎಂಬ ಆತ ಒಂದು ಹೆಣ್ಣುಕುದುರೆಯ ರಕ್ತನಾಳಕ್ಕೆ ಹಿತ್ತಾಳೆಯ ಕೊಳವೆಯನ್ನು ಸೇರಿಸಿ, ಅದಕ್ಕೆ ಗಾಜಿನ ನಳಿಗೆಯನ್ನು ಜೋಡಿಸಿದಾಗ ರಕ್ತವು 8 ಅಡಿ 3 ಅಂಗುಲ ಮೇಲೇರಿತಂತೆ. ಈ ಪ್ರಯೋಗದ ವಿವರಗಳನ್ನು ಆತ 1733ರಲ್ಲಿ ಪ್ರಕಟಿಸಿದ. ಮನುಷ್ಯರನ್ನು ಹಾಗೆ ಪರೀಕ್ಷಿಸಲು ಸಾಧ್ಯವೇ? ಅದಕ್ಕಾಗಿ ಇನ್ನೂ ಒಂದೂವರೆ ಶತಮಾನ ಕಾಯಬೇಕಾಯಿತು. 1896ರಲ್ಲಿ ಇಟಲಿಯ ಟ್ಯೂರಿನ್ ನಗರದ ರೀವಾ ರೋಚ್ಚಿ ತೋಳಿಗೆ ಸುತ್ತುವ ಪಟ್ಟಿಯನ್ನೂ ಪಾದರಸದ ಕಂಬವನ್ನೂ ಜೋಡಿಸಿ ಉಪಕರಣವೊಂದನ್ನು ರಚಿಸಿದ. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಎಂಬ ಶಸ್ತ್ರವೈದ್ಯ ಆ ಪಟ್ಟಿಯ ಕೆಳಗೆ ಸ್ಟೆಥಾಸ್ಕೋಪನ್ನಿಟ್ಟು ಕಿವಿಗೊಟ್ಟಾಗ, ನಾಳದಲ್ಲಿ ರಕ್ತ ಹರಿಯಲಾರಂಭಿಸುವ ಸದ್ದೂ ಆ ಸದ್ದು ಅಡಗುವ ಘಳಿಗೆಯೂ ಸ್ಪಷ್ಟವಾಗಿ ತಿಳಿದುವು. ಹೃದಯ ಸಂಕುಚಿಸಿದಾಗಿನ ಒತ್ತಡ ಒಂದು ಅಂಕೆ. ಅದು ಸಡಿಲಿದಾಗಿನ ಒತ್ತಡ ಇನ್ನೊಂದು. ವೈದ್ಯರು ಇಂದಿಗೂ ಬರೆಯುವ 120/80 ಎಂಬಂಥ ಜೋಡಿ ಅಂಕೆಗಳು ಹುಟ್ಟಿದ್ದು ಹೀಗೆ.

ಅಳತೆಯೇನೋ ಬಂದಿತು, ಅದರ ಅರ್ಥ ಮಾತ್ರ ಬರಲಿಲ್ಲ. ವಯಸ್ಸಾದಂತೆ ನಾಳಗಳು ಬಿರುಸಾಗುತ್ತವೆ, ಅವುಗಳ ಮೂಲಕ ರಕ್ತವನ್ನು ತಳ್ಳುವುದಕ್ಕೆ ಹೆಚ್ಚಿನ ಒತ್ತಡ ಬೇಕೇಬೇಕು, ಅದನ್ನು ತಗ್ಗಿಸಿದರೆ ಅಪಾಯವೇ ಹೊರತು ಲಾಭವಿಲ್ಲ ಎಂದು ಆ ಕಾಲದ ಹೆಸರುವಾಸಿ ವೈದ್ಯರೇ ನಂಬಿದ್ದರು. ಕಾರಣ ತಿಳಿಯದ ಏರೊತ್ತಡಕ್ಕೆ ಅವರು ಇಟ್ಟ ಹೆಸರಿನಲ್ಲಿಯೇ 'ಅತ್ಯವಶ್ಯಕ' ಎಂಬ ಅರ್ಥದ ಶಬ್ದ ಸೇರಿಕೊಂಡಿತ್ತು!

ಈ ನಂಬಿಕೆಯ ಬೆಲೆಯೆಷ್ಟೆಂಬುದನ್ನು ಜಗತ್ತೇ ನೋಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟರ ಖಾಸಗಿ ವೈದ್ಯರು ಕಿವಿ, ಮೂಗು, ಗಂಟಲುಗಳ ತಜ್ಞರು. ಅಧ್ಯಕ್ಷರು ಸುಖವಾಗಿದ್ದಾರೆಂದೇ ಅವರು ಜನರಿಗೆ ತಿಳಿಸುತ್ತಿದ್ದರು. 1944ರ ಮಾರ್ಚಿಯಲ್ಲಿ ಹೃದಯತಜ್ಞ ಹೊವರ್ಡ್ ಬ್ರೂಯೆನ್ ಪರೀಕ್ಷಿಸಿದಾಗ ರಕ್ತದ ಒತ್ತಡ 186/108 ಇತ್ತು. ಹೃದಯ ಹಿಗ್ಗಿತ್ತು, ಸೋಲುತ್ತಿತ್ತು. ವಿಶ್ರಾಂತಿ, ಉಪ್ಪು ಕಡಿಮೆಯ ಊಟ, ಹೃದಯಕ್ಕೆ ಬಲ ಕೊಡುವ ಒಂದು ಹಳೆಯ ಔಷಧ—ಇಷ್ಟೇ ಅಂದಿನ ಚಿಕಿತ್ಸೆ. 1945ರ ಏಪ್ರಿಲ್ 12ರಂದು ಅವರು ತಲೆ ವಿಪರೀತ ನೋಯುತ್ತಿದೆಯೆಂದು ಕುಸಿದರು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಆಗ ಅಳೆದ ಒತ್ತಡ 300/190. ಅವರಿಗೆ 63 ವರ್ಷ ವಯಸ್ಸು.

ಮೂರು ವರ್ಷಗಳ ನಂತರ, 1948ರ ಜೂನ್ ತಿಂಗಳಲ್ಲಿ, ರೂಸ್‌ವೆಲ್ಟರ ಉತ್ತರಾಧಿಕಾರಿ ಟ್ರೂಮನ್ ಹೃದ್ರೋಗ ಸಂಶೋಧನೆಗಾಗಿ ಒಂದು ಕಾಯಿದೆಗೆ ಸಹಿ ಹಾಕಿದರು. ಅದೇ ವರ್ಷ ಮ್ಯಾಸಚೂಸೆಟ್ಸ್ ಸಂಸ್ಥಾನದ ಫ್ರೇಮಿಂಗ್‌ಹ್ಯಾಮ್ ಎಂಬ ಸಾಧಾರಣ ಪಟ್ಟಣದಲ್ಲಿ ಒಂದು ಅಸಾಧಾರಣ ಕಾರ್ಯ ಆರಂಭವಾಯಿತು. ಅಲ್ಲಿಯ 5,209 ಮಂದಿ ಸ್ತ್ರೀಪುರುಷರನ್ನು ಎರಡೆರಡು ವರ್ಷಗಳಿಗೊಮ್ಮೆ ಪರೀಕ್ಷಿಸಿ, ಯಾರಿಗೆ ಹೃದ್ರೋಗ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ವರ್ಷಗಟ್ಟಲೆ ಕಾದು ನೋಡುವುದು. ಔಷಧ ಕೊಡುವುದಲ್ಲ, ಬರಿದೆ ನೋಡುವುದು, ಬರೆದಿಡುವುದು. 1961ರ ಹೊತ್ತಿಗೆ ಚಿತ್ರ ಮೂಡಿತು. ಏರಿದ ರಕ್ತದೊತ್ತಡ, ರಕ್ತದಲ್ಲಿ ಏರಿದ ಕೊಲೆಸ್ಟರಾಲ್ ಎಂಬ ಕೊಬ್ಬಿನಂಶ—ಇವು ಇದ್ದವರಲ್ಲಿ ಹೃದ್ರೋಗ ಹೆಚ್ಚು. ಸಿಗರೇಟಿನ ದೋಷವೂ ಆ ವೇಳೆಗೆ ಕಂಡುಬಂದಿತ್ತು. 'ಅಪಾಯಾಂಶ' ಎಂಬ ಹೊಸ ಮಾತು ವೈದ್ಯರ ಬಾಯಿಗೆ ಬಂದಿತು. ಏರೊತ್ತಡ ಅವಶ್ಯಕವೆಂಬ ಮಾತು ಅಲ್ಲಿಗೆ ನಿಲ್ಲದಾಯಿತು.

ಆದರೆ ಒತ್ತಡವನ್ನು ತಗ್ಗಿಸಿದರೆ ಜೀವ ಉಳಿಯುತ್ತದೆಯೇ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದರಲ್ಲಿ ನಮ್ಮ ದೇಶದ ಒಂದು ಗಿಡದ ಪಾಲೂ ಇದೆ. ನಮ್ಮ ವೈದ್ಯಪದ್ಧತಿಯಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದ ಸರ್ಪಗಂಧದ ಬೇರನ್ನು ಮುಂಬಯಿಯ ಡಾಕ್ಟರ್ ರುಸ್ತುಮ್ ಜಾಲ್ ವಕೀಲರು ಏರೊತ್ತಡದ 50 ಮಂದಿ ರೋಗಿಗಳಿಗೆ ಕೊಟ್ಟು, ಫಲಿತಾಂಶವನ್ನು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಆ ಬೇರಿನಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಅಮೆರಿಕದಲ್ಲಿ ಎಡ್ವರ್ಡ್ ಫ್ರೀಸ್ ಎಂಬುವರ ನೇತೃತ್ವದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ಪ್ರಖ್ಯಾತ ಪ್ರಯೋಗದಲ್ಲಿ ಕೊಟ್ಟ ಮೂರು ಔಷಧಗಳಲ್ಲಿ ಈ ರಿಸರ್ಪಿನ್ ಒಂದು. 1967ರಲ್ಲಿ ಪ್ರಕಟವಾದ ಅದರ ಫಲಿತಾಂಶ ಎಲ್ಲರ ಕಣ್ಣನ್ನೂ ತೆರೆಯಿಸಿತು. ತೀವ್ರವಾದ ಏರೊತ್ತಡವಿದ್ದ 143 ಮಂದಿಯಲ್ಲಿ, ಔಷಧವಿಲ್ಲದ ಬರೀ ಮಾತ್ರೆ ಪಡೆದ 70 ಮಂದಿಯ ಪೈಕಿ 27 ಮಂದಿಗೆ ಘೋರ ಅನಾಹುತಗಳು ಸಂಭವಿಸಿದುವು. ನಿಜವಾದ ಔಷಧ ಪಡೆದ 73 ಮಂದಿಯ ಪೈಕಿ ಕೇವಲ ಇಬ್ಬರಿಗೆ. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕೆ?

ಹೀಗೆ 1967ರ ಹೊತ್ತಿಗೆ ಅಳೆಯುವ ಉಪಕರಣವಿತ್ತು, ಅಪಾಯದ ತಿಳಿವಳಿಕೆಯಿತ್ತು, ಔಷಧವೂ ಇತ್ತು. ಇನ್ನೇನು ಬೇಕು? ಇಲ್ಲಿಂದ ಮುಂದೆಯೇ ನಮ್ಮ ನಿಜವಾದ ಕಥೆ. ಆ ವರ್ಷಗಳಲ್ಲಿ ಜನಸಮುದಾಯವನ್ನು ಪರೀಕ್ಷಿಸಿದ ಕಡೆಗಳಲ್ಲೆಲ್ಲ ಒಂದು ವಿಚಿತ್ರ ಲೆಕ್ಕ ಎದುರಾಯಿತು. ಏರೊತ್ತಡವಿರುವ ನೂರು ಮಂದಿಯಲ್ಲಿ ಐವತ್ತು ಮಂದಿಗೆ ಅದು ಇರುವುದೇ ಗೊತ್ತಿಲ್ಲ. ಗೊತ್ತಿರುವ ಐವತ್ತರಲ್ಲಿ ಅರ್ಧದಷ್ಟು ಮಂದಿಗೆ ಚಿಕಿತ್ಸೆಯಿಲ್ಲ. ಚಿಕಿತ್ಸೆ ಪಡೆಯುವ ಇಪ್ಪತ್ತೈದರಲ್ಲಿ ಅರ್ಧದಷ್ಟು ಮಂದಿಗೆ ಒತ್ತಡ ಹಿಡಿತಕ್ಕೆ ಬಂದಿಲ್ಲ. ಎಂದರೆ ನೂರರಲ್ಲಿ ಹನ್ನೆರಡೋ ಹದಿಮೂರೋ ಮಂದಿಗೆ ಮಾತ್ರ ವಿಜ್ಞಾನದ ಫಲ ಮುಟ್ಟಿತ್ತು. ಇದಕ್ಕೆ 'ಅರ್ಧಗಳ ಸೂತ್ರ' ಎಂಬ ಹೆಸರೇ ಬಂದಿತು.

ಈ ಸೂತ್ರವನ್ನು ತನ್ನ ಒಂದು ಊರಿನ ಮಟ್ಟಿಗೆ ಮುರಿದುಹಾಕಿದ ಒಬ್ಬ ಹಳ್ಳಿಯ ವೈದ್ಯರಿದ್ದರು. ಅವರ ಹೆಸರು ಜೂಲಿಯನ್ ಟ್ಯೂಡರ್ ಹಾರ್ಟ್. ಹಾರ್ಟ್ ಎಂಬುದನ್ನು ಕೇಳಿ ಹೃದಯ ವೈದ್ಯರಿಗೆ ಕೊಟ್ಟ ಬಿರುದೆಂದು ತಿಳಿಯಬೇಡಿ. ಅದು ಅವರ ಮನೆತನದ ಹೆಸರು! 1927ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಕೇಂಬ್ರಿಡ್ಜಿನಲ್ಲಿ ಓದಿದ ಈತ ಮನಸ್ಸು ಮಾಡಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ ದೊಡ್ಡ ಹುದ್ದೆಯನ್ನೇ ಪಡೆಯಬಹುದಾಗಿತ್ತು. 1961ರಲ್ಲಿ ಅವರು ಹೋದದ್ದು ವೇಲ್ಸ್ ಪ್ರಾಂತದ ದಕ್ಷಿಣದಲ್ಲಿ, ಬೆಟ್ಟಗಳ ನಡುವೆ ಆವನ್ ಕಣಿವೆಯ ತುದಿಯಲ್ಲಿರುವ ಗ್ಲಿನ್‌ಕೊರೂಗ್ ಎಂಬ ಹಳ್ಳಿಗೆ. ಜನಸಂಖ್ಯೆ ಎರಡು ಸಾವಿರದಷ್ಟು. ಗಂಡಸರಿಗೆ ಕಲ್ಲಿದ್ದಲಿನ ಗಣಿಯ ಕೆಲಸ. 1970ರಲ್ಲಿ ಆ ಗಣಿಯೂ ಮುಚ್ಚಿತು.

ಬ್ರಿಟನ್ನಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಬಂದ ಮೇಲೆ ಪ್ರತಿಯೊಂದು ಸಂಸಾರವೂ ಒಬ್ಬ ಸಾಮಾನ್ಯ ವೈದ್ಯನ ಪಟ್ಟಿಯಲ್ಲಿ ಹೆಸರು ಬರೆಯಿಸಿಕೊಳ್ಳುವ ವ್ಯವಸ್ಥೆ ನೆಲೆಗೊಂಡಿತು. ವೈದ್ಯರು ಆ ಪಟ್ಟಿಯನ್ನು ಸಾಮಾನ್ಯವಾಗಿ ಸಂಬಳದ ಲೆಕ್ಕಕ್ಕಾಗಿ ಇಟ್ಟುಕೊಂಡಿರುತ್ತಿದ್ದರು. ಹಾರ್ಟ್ ಅವರು ಅದನ್ನು ಬೇರೊಂದು ಕಣ್ಣಿನಿಂದ ನೋಡಿದರು. ಪಟ್ಟಿಯಲ್ಲಿ ಎಷ್ಟು ಹೆಸರುಗಳಿವೆಯೋ ಅಷ್ಟೂ ಜನ ನನ್ನ ಹೊಣೆ. ಬಾಗಿಲಿಗೆ ಬಂದವರು ಮಾತ್ರವಲ್ಲ, ಬಾರದವರೂ ನನ್ನವರೇ. ಬಂದವರನ್ನು ಎಲ್ಲ ವೈದ್ಯರೂ ಎಣಿಸುತ್ತಾರೆ. ಬಾರದವರನ್ನು ಎಣಿಸಬೇಕಾದರೆ ಕೈಯಲ್ಲಿ ಪಟ್ಟಿ ಇರಬೇಕು.

1968ರಲ್ಲಿ ಅವರು ಊರಿನ ವಯಸ್ಕರೆಲ್ಲರ ರಕ್ತದೊತ್ತಡವನ್ನು ಅಳೆಯಲು ತೊಡಗಿದರು. ವಿಧಾನ ಬಲು ಸರಳ. ಹಳ್ಳಿಯವರು ವರ್ಷದಲ್ಲಿ ಒಮ್ಮೆಯಾದರೂ ಯಾವುದಾದರೊಂದು ಕಾರಣಕ್ಕೆ ವೈದ್ಯರ ಬಳಿಗೆ ಬಂದೇ ಬರುತ್ತಾರೆ. ನೆಗಡಿಯೆಂದು ಬರಲಿ, ಬೆನ್ನುನೋವೆಂದು ಬರಲಿ, ಒತ್ತಡ ಅಳೆದು ಚೀಟಿಯಲ್ಲಿ ಬರೆದಿಡುವುದು. ಹೀಗೆ ಹೆಚ್ಚಿನವರ ಲೆಕ್ಕ ಸಿಕ್ಕಿತು. ಉಳಿದವರು ಯಾರು? ಪಟ್ಟಿಯನ್ನು ನೋಡಿ, ಕರೆಕಳುಹಿಸಿ, ಆಗಲೂ ಬಾರದಿದ್ದರೆ ಮನೆಯ ಬಾಗಿಲಿಗೇ ಹೋಗಿ ಅಳೆಯುವುದು. ಅವರ ಪತ್ನಿ ಮೇರಿಯೂ ವೈದ್ಯಶಾಲೆಯ ಸಿಬ್ಬಂದಿಯೂ ಈ ಕೆಲಸದಲ್ಲಿ ಜೊತೆಗೂಡಿದರು. 1970ರಲ್ಲಿ ಅವರು ಇದರ ವರದಿಯನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದಾಗ, ಊರಿನಲ್ಲಿ ಅಳೆಯದೆ ಉಳಿದವರು ಇಲ್ಲವೆಂಬಷ್ಟು ವಿರಳವಾಗಿದ್ದರು. ಯಾವ ವಿಶ್ವವಿದ್ಯಾಲಯದ ನೆರವೂ ಇಲ್ಲದ ಒಬ್ಬ ಹಳ್ಳಿಯ ವೈದ್ಯ ಒಂದು ಇಡೀ ಸಮಾಜವನ್ನು ಪರೀಕ್ಷಿಸಬಲ್ಲನೆಂಬುದನ್ನು ಅದು ತೋರಿಸಿಕೊಟ್ಟಿತು.

ಆದರೆ ಪತ್ತೆ ಹಚ್ಚುವುದು ಸುಲಭದ ಭಾಗ. ಏನೂ ನೋವಿಲ್ಲದ ಗಣಿಗಾರನನ್ನು ದಿನವೂ ಗುಳಿಗೆ ನುಂಗಲು, ಸಿಗರೇಟು ಬಿಡಲು, ತಿಂಗಳು ತಿಂಗಳು ಬಂದು ತೋರಿಸಿಕೊಳ್ಳಲು ಒಪ್ಪಿಸುವುದು ಒಂದು ದಿನದ ಕೆಲಸವೇ? ಹಾರ್ಟ್ ಅವರು ಅದಕ್ಕೆ ಸುಮಾರು ಕಾಲು ಶತಮಾನವನ್ನೇ ಕೊಟ್ಟರು. ಆ ಅವಧಿಯ ಲೆಕ್ಕವನ್ನು 1991ರಲ್ಲಿ ಒಪ್ಪಿಸಿದರು. ಏರೊತ್ತಡದ ರೋಗಿಗಳ ಸರಾಸರಿ ಒತ್ತಡ 186/110ರಿಂದ 146/84ಕ್ಕೆ ಇಳಿದಿತ್ತು. ಅವರಲ್ಲಿ ಧೂಮಪಾನ ಮಾಡುವವರು ನೂರಕ್ಕೆ 56ರಿಂದ 20ಕ್ಕೆ ಇಳಿದಿದ್ದರು. ಇಂಥ ವ್ಯವಸ್ಥೆಯಿಲ್ಲದ ನೆರೆಯ ಹಳ್ಳಿಗೆ ಹೋಲಿಸಿದರೆ 65 ವರ್ಷ ತುಂಬುವ ಮೊದಲಿನ ಸಾವುಗಳು ಗಮನಾರ್ಹವಾಗಿ ಕಡಿಮೆಯಾಗಿದ್ದುವು. ಎರಡು ಸಣ್ಣ ಹಳ್ಳಿಗಳ ಹೋಲಿಕೆಯಿಂದ ಎಲ್ಲವೂ ಸಿದ್ಧವಾಯಿತೆನ್ನಲಾಗದು, ನಿಜ. ಆದರೂ ಬಡ ಗಣಿಯೂರೊಂದರ ಮಟ್ಟಿಗೆ ಇದು ಸಣ್ಣ ಮಾತಲ್ಲ.

ಅವರು ಒಬ್ಬ ರೋಗಿಯ ಬಗೆಗೆ ಹೇಳಿದ ಸಂಗತಿಯೊಂದು ಮನಮುಟ್ಟುವಂತಿದೆ. ಆ ಮನುಷ್ಯನಿಗೆ ಏರೊತ್ತಡ, ಸಕ್ಕರೆ ಕಾಯಿಲೆ ಮೊದಲಾಗಿ ಅಪಾಯಗಳೆಲ್ಲವೂ ಇದ್ದುವು. ಇಪ್ಪತ್ತೈದು ವರ್ಷಗಳಲ್ಲಿ 310 ಸಲ ಭೇಟಿ. ಒಟ್ಟು ಕೂಡಿಸಿದರೆ 41 ಗಂಟೆಗಳ ಕೆಲಸ. ಮೊದಮೊದಲು ವೈದ್ಯನೂ ರೋಗಿಯೂ ಎದುರುಬದುರು ಕುಳಿತವರು. ಬರಬರುತ್ತ ಪಕ್ಕಪಕ್ಕದಲ್ಲಿ ಕುಳಿತವರಾದರಂತೆ. ಈ ದೀರ್ಘ ಶ್ರಮದ ಫಲವೇನು? ಆತನಿಗೆ ಲಕ್ವ ಹೊಡೆಯಲಿಲ್ಲ, ಹೃದಯಾಘಾತವಾಗಲಿಲ್ಲ, ಮೂತ್ರಪಿಂಡ ಕೆಡಲಿಲ್ಲ. ಏನೇನು ಆಗಲಿಲ್ಲವೋ ಅದೇ ತನ್ನ ಸಂತೋಷವೆಂದು ಹಾರ್ಟ್ ಅವರು ಹೇಳಿಕೊಂಡರು. ಶಸ್ತ್ರಕ್ರಿಯೆ ಮಾಡಿ ಜೀವ ಉಳಿಸಿದ ವೈದ್ಯನ ಕೀರ್ತಿ ಊರಿಗೆಲ್ಲ ಹಬ್ಬುತ್ತದೆ. ಬರಬೇಕಾದ ರೋಗ ಬಾರದಂತೆ ಮಾಡಿದ ವೈದ್ಯನನ್ನು ಯಾರು ಹೊಗಳುತ್ತಾರೆ?

ಇದೇ ಕಾಲಕ್ಕೆ ದೊಡ್ಡ ಸಂಸ್ಥೆಗಳೂ ಎಚ್ಚೆತ್ತುವು. ಯಾವ ಅಂಕೆಯಿಂದ ಚಿಕಿತ್ಸೆ ಆರಂಭಿಸಬೇಕು, ಯಾವ ಔಷಧ ಮೊದಲು, ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂಬುದನ್ನು ಸಾಮಾನ್ಯ ವೈದ್ಯರಿಗೆ ತಿಳಿಸುವ ರಾಷ್ಟ್ರೀಯ ಮಾರ್ಗಸೂಚಿಯನ್ನು ಅಮೆರಿಕದ ತಜ್ಞರ ಸಮಿತಿಯೊಂದು 1977ರಲ್ಲಿ ಹೊರಡಿಸಿತು. ನಂತರ ದೇಶದೇಶಗಳಲ್ಲಿ ಇಂಥವು ಬಂದುವು. ವೈದ್ಯರೆಲ್ಲ ಇವನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಿದರೆಂದು ತಿಳಿಯಬೇಡಿ. ಅಡಿಗೆಯ ಪುಸ್ತಕ ನೋಡಿ ಸಾರು ಮಾಡುವಂತೆ ರೋಗಿಯನ್ನು ನೋಡಲಾದೀತೆ ಎಂಬ ಆಕ್ಷೇಪ ಅಂದೂ ಇತ್ತು, ಇಂದೂ ಇದೆ. ಆ ಆಕ್ಷೇಪದಲ್ಲಿ ತಿರುಳಿಲ್ಲದೆ ಇಲ್ಲ. ಬ್ರಿಟನ್ನಿನ 176 ಸಾಮಾನ್ಯ ವೈದ್ಯಶಾಲೆಗಳು ಸೇರಿ, ಸೌಮ್ಯವಾದ ಏರೊತ್ತಡವಿದ್ದ 17,354 ಮಂದಿಯ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 1985ರಲ್ಲಿ ಹೊರಬಂದಿತು. ಅಂಥ 850 ಮಂದಿ ಒಂದು ವರ್ಷ ಕಾಲ ಔಷಧ ಸೇವಿಸಿದರೆ ಅವರಲ್ಲಿ ಒಬ್ಬರಿಗೆ ಲಕ್ವ ತಪ್ಪುತ್ತದೆ! ಆ ಒಬ್ಬರು ಯಾರೆಂಬುದು ಎಂದಿಗೂ ತಿಳಿಯದು. ಉಳಿದ 849 ಮಂದಿಗೆ ಆ ವರ್ಷ ಗುಳಿಗೆಯಿಂದ ಲಕ್ವದ ಮಟ್ಟಿಗೆ ಬೇರೆ ಲಾಭವಿಲ್ಲ. ಎದುರಿಗೆ ಕುಳಿತ ಒಬ್ಬ ಮನುಷ್ಯನಿಗೆ ವೈದ್ಯರು ಏನೆಂದು ಹೇಳಬೇಕು?

ಈ ಇಕ್ಕಟ್ಟಿನಿಂದ ಪಾರಾಗಲು ಒಂದು ದಾರಿ ತೋರಿದ್ದು ನ್ಯೂಜಿಲೆಂಡ್. 1993ರ ಅಲ್ಲಿಯ ಮಾರ್ಗಸೂಚಿ ಒತ್ತಡದ ಅಂಕೆಯೊಂದನ್ನೇ ನೋಡದೆ, ವಯಸ್ಸು, ಧೂಮಪಾನ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಎಲ್ಲವನ್ನೂ ಕೂಡಿಸಿ ಒಟ್ಟು ಅಪಾಯವೆಷ್ಟೆಂದು ಲೆಕ್ಕ ಹಾಕಲು ಹೇಳಿತು. ಅಪಾಯ ಹೆಚ್ಚಿದ್ದವರಿಗೆ ಮೊದಲು ಔಷಧ. ಕಡಿಮೆಯಿದ್ದವರಿಗೆ ಊಟ, ಉಪ್ಪು, ನಡಿಗೆಗಳ ಕಡೆ ಗಮನ. ಇಂದು ನಮ್ಮ ವೈದ್ಯರು ಒತ್ತಡ ನೋಡಿ ಸುಮ್ಮನಾಗದೆ "ಬೀಡಿ ಸಿಗರೇಟು ಉಂಟೇ? ತಂದೆಯವರಿಗೆ ಹೃದಯದ ತೊಂದರೆ ಇತ್ತೇ?" ಎಂದೆಲ್ಲ ಕೇಳುವುದು ಈ ಬಗೆಯ ಆಲೋಚನೆಯಿಂದಲೇ. ಇನ್ನು ಬ್ರಿಟನ್ನಿನಲ್ಲಿ 2004ರಿಂದ ಒತ್ತಡ ಅಳೆದು ಹಿಡಿತದಲ್ಲಿಟ್ಟ ಸಾಮಾನ್ಯ ವೈದ್ಯಶಾಲೆಗಳಿಗೆ ಹೆಚ್ಚಿನ ಹಣ ಕೊಡುವ ಏರ್ಪಾಡಾಯಿತು. ಲೆಕ್ಕಪತ್ರ ಚೆನ್ನಾಯಿತು, ಬಡ ಬಡಾವಣೆಗಳ ವೈದ್ಯಶಾಲೆಗಳಿಗೂ ಅನುಕೂಲಸ್ಥ ಬಡಾವಣೆಗಳವಕ್ಕೂ ಇದ್ದ ಅಂತರವೂ ಕುಗ್ಗಿತು. ಆದರೆ ವೈದ್ಯರ ಕಣ್ಣು ರೋಗಿಯ ಮುಖದಿಂದ ಕಂಪ್ಯೂಟರಿನ ಪರದೆಯತ್ತ ಹೊರಳಿತೆಂಬ ದೂರೂ ಕೇಳಿಬಂದಿತು.

ಹಾರ್ಟ್ ಅವರು 1971ರಲ್ಲಿಯೇ ಇನ್ನೊಂದು ಕಹಿ ಸತ್ಯವನ್ನು ಎತ್ತಿ ಹೇಳಿದ್ದರು. ಒಳ್ಳೆಯ ವೈದ್ಯಕೀಯ ನೆರವು ಯಾರಿಗೆ ಹೆಚ್ಚು ಬೇಕೋ ಅವರಿಗೆ ಕಡಿಮೆ ಸಿಗುತ್ತದೆ, ಯಾರಿಗೆ ಕಡಿಮೆ ಬೇಕೋ ಅವರಿಗೆ ಹೆಚ್ಚು ಸಿಗುತ್ತದೆ ಎಂಬುದೇ ಆ ಸತ್ಯ. ಅದನ್ನು 'ವಿಲೋಮ ನಿಯಮ' ಎನ್ನಬಹುದು. ಇದು ವೇಲ್ಸಿನ ಗಣಿಯೂರಿಗೆ ಮಾತ್ರ ಸಲ್ಲುವ ನಿಯಮವೇ?

ನಮ್ಮಲ್ಲಿ ವೈದ್ಯರಿಗೆ ಇಂಥವರೇ ನಿಮ್ಮ ಹೊಣೆ ಎಂಬ ಪಟ್ಟಿಯಿಲ್ಲ. ಇಂದು ಒಬ್ಬ ಡಾಕ್ಟರು, ನಾಳೆ ಇನ್ನೊಬ್ಬರು. ರೋಗಿಯ ಇತಿಹಾಸವೆಲ್ಲ ಅವನ ಕೈಚೀಲದಲ್ಲಿರುವ ಮಡಿಸಿದ ಚೀಟಿಗಳಲ್ಲಿ. ಚೀಟಿ ಕಳೆದರೆ ಇತಿಹಾಸವೂ ಕಳೆಯಿತು. ಬಾರದವನನ್ನು ಕೇಳುವವರಾರು? ಈ ಕೊರತೆಯನ್ನು ತುಂಬುವ ಪ್ರಯತ್ನವೊಂದು 2017ರ ನವೆಂಬರಿನಲ್ಲಿ ಭಾರತದಲ್ಲಿ ಆರಂಭವಾಯಿತು. ಕೇಂದ್ರ ಆರೋಗ್ಯ ಇಲಾಖೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ರಾಜ್ಯ ಸರಕಾರಗಳು ಕೂಡಿ ಕೈಗೊಂಡ ಈ ಯೋಜನೆಯ ಸೂತ್ರಗಳು ಕೆಲವೇ: ಎಲ್ಲ ಸರಕಾರಿ ಆರೋಗ್ಯ ಕೇಂದ್ರಗಳಲ್ಲೂ ಒಂದೇ ಸರಳ ಚಿಕಿತ್ಸಾಕ್ರಮ, ಔಷಧದ ತಪ್ಪದ ಸರಬರಾಜು, ರೋಗಿಗೊಂದು ದಾಖಲೆ, ತಪ್ಪಿಸಿಕೊಂಡವರನ್ನು ಮರಳಿ ಕರೆಯುವುದು. 2022ರಲ್ಲಿ ಇದಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿಯೂ ದೊರೆಯಿತು. ನಮ್ಮ ಕರ್ನಾಟಕದಲ್ಲಿಯೇ 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಿಂದ ಆರಂಭಗೊಂಡ 'ಗೃಹ ಆರೋಗ್ಯ' ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ 30 ವರ್ಷ ದಾಟಿದವರ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಅಳೆಯುತ್ತಾರೆ. ಗ್ಲಿನ್‌ಕೊರೂಗಿನ ವೈದ್ಯರು ಬಾಗಿಲು ತಟ್ಟಿದುದು ನೆನಪಾಗುವುದಿಲ್ಲವೆ?

ಈ ಇತಿಹಾಸದಿಂದ ಕಲಿಯತಕ್ಕದ್ದು ಇಷ್ಟೆ. ಮಾರ್ಗಸೂಚಿಯೆಂಬುದು ಪಂಚಾಂಗವಿದ್ದಂತೆ; ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಹಬ್ಬ ನಡೆಯುವುದಿಲ್ಲ. ಹೆಸರು ಹಿಡಿದು ಕರೆಯುವ ವೈದ್ಯರೂ ಕರೆದಾಗ ಹೋಗುವ ರೋಗಿಯೂ ಕೂಡಿದರೆ ಮಾತ್ರ ಅದಕ್ಕೆ ಜೀವ ಬರುತ್ತದೆ. ವೈದ್ಯರು ಪಟ್ಟಿ ಇಡದ ಊರಿನಲ್ಲಿ ಮನೆಯವರೇ ಪಟ್ಟಿ ಇಡಬಹುದಲ್ಲ! ಹಾಲಿನ ಲೆಕ್ಕ, ದಿನಸಿಯ ಲೆಕ್ಕ ಬರೆಯುವ ಮನೆಯಲ್ಲಿ ಒಂದು ಪುಟವನ್ನು ಇದಕ್ಕೂ ಮೀಸಲಿಡಿ. ಮನೆಯ ಹಿರಿಯರ ಹೆಸರು, ತಾರೀಕು, ಅಂದಿನ ಎರಡು ಅಂಕೆಗಳು, ಕೊಟ್ಟ ಗುಳಿಗೆ. ಯಾರ ಹೆಸರಿನ ಮುಂದೆ ಅಂಕೆಯಿಲ್ಲವೋ ಅವರನ್ನು ಮೊದಲು ಕರೆದುಕೊಂಡು ಹೋಗಿ. ಸಾಮಾನ್ಯವಾಗಿ ಅದು ಮನೆಯ ಯಜಮಾನಿತಿಯ ಹೆಸರಾಗಿರುತ್ತದೆ. ಎಲ್ಲರ ಔಷಧದ ಹೊತ್ತನ್ನೂ ನೆನಪಿಡುವ ಆಕೆ ತನ್ನ ತೋಳನ್ನು ಒಡ್ಡಲು ಪುರುಸೊತ್ತಿಲ್ಲವೆನ್ನುತ್ತಾಳೆ. "ನನಗೇನೂ ಆಗುತ್ತಿಲ್ಲ" ಎಂದರೆ ಒಪ್ಪಬೇಡಿ. ಏನೂ ಆಗದಿರುವಾಗಲೇ ಹೋಗಬೇಕು; ಏನೂ ಆಗದೆ ಇರಲೆಂದೇ ಹೋಗಬೇಕು.